ತಂತಿಗೆ ಚುಚ್ಚದ ಕಾಗದಗಳು

ಪುಣೆ
10 ನವೆಂಬರ್ 2003

ಕಮಲವ್ವ ಅತ್ತೆಯವರಿಗೆ ತ್ರಿಶಲಾಳ ಜೈ ಜಿನೇಂದ್ರ.

ಎಂಟು ವರ್ಷದ ಮೇಲೆ ಬರೆಯುತ್ತಿದ್ದೇನೆ. ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ. ಅವ್ವ ಹೋದ ಮೇಲೆ ಶನಿವಾರ ಶನಿವಾರ ಮೂಡಲಗಿಯಿಂದ ಬಂದು ನನ್ನ ಮತ್ತು ಶ್ರೇಯಸನ ತಲೆಗೆ ಎಣ್ಣೆ ಹಾಕುತ್ತಿದ್ದವರು ನೀವು. ಅಂಥವರಿಗೆ ಒಂದು ಕಾಗದ ಬರೆಯಲು ನನಗೆ ಎಂಟು ವರ್ಷ ಬೇಕಾಯಿತು.

ನನ್ನದು ಇಲ್ಲಿ ಒಂದು ಸಂಶೋಧನಾ ಸಂಸ್ಥೆಯಲ್ಲಿ ಓದುವ ಕೆಲಸ. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವ ರೋಗದ ಬಗ್ಗೆ ಊರೂರಿನ ಡಾಕ್ಟರುಗಳು ಬರೆದ ಸಾವಿರಾರು ಲೇಖನಗಳು ಕಂಪ್ಯೂಟರಿನಲ್ಲಿ ಇವೆ. ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ವಂಶವಾಹಿಗಳಲ್ಲಿ ಯಾವುದರ ಹೆಸರು ಈ ರೋಗದ ಹೆಸರಿನ ಜೊತೆ ಒಂದೇ ವಾಕ್ಯದಲ್ಲಿ ಬಂದಿದೆಯೋ, ಅಂಥ ವಾಕ್ಯಗಳನ್ನು ಕಂಪ್ಯೂಟರು ಹೆಕ್ಕಿ ಕೊಡುತ್ತದೆ. ಅದಕ್ಕೆ ಹುಡುಕಲು ಬರುತ್ತದೆ, ಓದಲು ಬರುವುದಿಲ್ಲ. 'ಸಂಬಂಧ ಇದೆ' ಎಂದರೂ ಹೆಕ್ಕುತ್ತದೆ, 'ಸಂಬಂಧ ಕಾಣಲಿಲ್ಲ' ಎಂದರೂ ಹೆಕ್ಕುತ್ತದೆ. ಹಾಗಾಗಿ ನಾವು ನಾಲ್ಕು ಮಂದಿ ಕುಳಿತು ಒಂದೊಂದೇ ವಾಕ್ಯ ಓದಿ ಇದೆ, ಇಲ್ಲ, ಹೇಳಲಾಗದು ಎಂದು ಗುರುತು ಹಾಕುತ್ತೇವೆ. ದಿನಕ್ಕೆ ಮುನ್ನೂರು ವಾಕ್ಯ. ಸಂಜೆಯ ಹೊತ್ತಿಗೆ ಕಣ್ಣಿಗೆ ಮರಳು ಬಿದ್ದಂತಾಗುತ್ತದೆ. ಯಾರಾದರೂ ಮಾತಾಡಿಸಿದರೆ ಅವರ ಮಾತಿಗೂ ಗುರುತು ಹಾಕಿಬಿಡುತ್ತೇನೋ ಎನ್ನಿಸುತ್ತದೆ.

ದೀಪಾವಳಿಗೆ ಘೋಡಗೇರಿಗೆ ಹೋಗಿದ್ದೆ. ಬಸದಿಯಲ್ಲಿ ನಿರ್ವಾಣದ ಲಾಡು ಅರ್ಪಿಸಿ ಬರುವಾಗ ಶ್ರೇಯಸ ಕಾಲುವೆಯ ಏರಿ ಹತ್ತಲಾರದೆ ನಡುವೆ ನಿಂತ. ಎಡಗೈಯಿಂದ ದವಡೆ ಒತ್ತಿ ಹಿಡಿದಿದ್ದ. ಕೇಳಿದರೆ ಗ್ಯಾಸ್ ಎಂದ. ಅವನಿಗೆ ಮೂವತ್ಮೂರು ವರ್ಷ. ಹೃದಯದ ನೋವು ದವಡೆಗೂ ಬರುತ್ತದೆ ಎಂದು ಇಂಥದನ್ನೇ ದಿನವಿಡೀ ಓದುವ ನನಗೆ ಗೊತ್ತು. ನಮ್ಮ ಮನೆಯಲ್ಲಿ ಯಾರಿಗಾದರೂ ಎದೆಯ ರೋಗ ಇತ್ತೇ ಎಂದು ಅಪ್ಪನನ್ನು ಕೇಳಿದೆ. "ಕಂದಮೂಲ ತಿನ್ನಂಗಿಲ್ಲ, ಹೊತ್ತು ಮುಳುಗೂದ್ರಾಗ ಉಣ್ಣಾವ್ರು ನಾವು. ನಮಗ್ಯಾಕ ಹಂತಾ ರೋಗ ಬರ್ತೈತಿ?" ಎಂದರು.

ನಾನು ಬಿಡಲಿಲ್ಲ. ಪಡಸಾಲೆಯ ಮೊಳೆಗೆ ತೂಗುಹಾಕಿದ ಆ ಕೊಕ್ಕೆ ತಂತಿ ನಿಮಗೆ ನೆನಪಿದೆಯಲ್ಲ, ಮನೆಗೆ ಬಂದ ಕಾಗದಗಳನ್ನೆಲ್ಲ ಚುಚ್ಚಿಡುವುದು. ಅದನ್ನು ಇಳಿಸಿ ಅಜ್ಜನ ಕಾಲದಿಂದ ಒಂದೊಂದಾಗಿ ಓದಿದೆ. ಮೂರು ದಿನ ಹಿಡಿಯಿತು. ಬಾಣಂತನ, ಮದುವೆ, ಕಾಮಾಲೆ, ಮುರಿದ ಕಾಲು, ಎಮ್ಮೆ ಈದದ್ದು, ಎಲ್ಲ ಇದೆ. ಎದೆನೋವು ಎಲ್ಲಿಯೂ ಇಲ್ಲ. ಪುಣೆಗೆ ಬಂದವಳೇ ಶ್ರೇಯಸನಿಗೆ ಬರೆದೆ, ನಮ್ಮ ವಂಶದಲ್ಲಿ ಈ ರೋಗ ಇಲ್ಲ, ಹೆದರಬೇಡ ಎಂದು.

ಆದರೂ ಒಂದು ಮಾತು ಉಳಿದಿದೆ. ಎಂಟು ವರ್ಷದ ಹಿಂದೆ ಗಂಡಿನವರು ನನ್ನನ್ನು ನೋಡಲು ಬಂದ ದಿನ ನೀವು ಅವರಿಗೆ ರಾಜಪ್ಪ ಕಾಕಾ ಹೃದಯ ನಿಂತು ಸತ್ತ ಎಂದಿರಿ. ಸಂಬಂಧ ಮುರಿಯಿತು. ಕಾಕಾ ಸತ್ತದ್ದು ಬಾವಿಯ ಮೋಟಾರಿನ ಶಾಕ್ ಹೊಡೆದು, ಕಮಲಾ ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದಳು ಎಂದು ಅಪ್ಪ ನಿಮ್ಮನ್ನು ಹೊರಗೆ ಹಾಕಿದರು. ನಾನೂ ಅದನ್ನೇ ನಂಬಿದೆ. ನೀವು ಹೇಳಿದ್ದು ನಿಜವೇ? ಒಂದು ಸಾಲು ಬರೆದರೆ ಸಾಕು.

ತ್ರಿಶಲಾ


ಮೂಡಲಗಿ
2 ಡಿಸೆಂಬರ್ 2003

ಚಿ. ತ್ರಿಶಲಾಳಿಗೆ ಅತ್ತೆಯ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಟೇಬಲ್ಲಿನ ಮೇಲೆ ಕನ್ನಡಕದ ಅಡಿಗೆ ಇಟ್ಟಿದ್ದೇನೆ. ಕನ್ನಡಕ ಬೇಕೆಂದಾಗಲೆಲ್ಲ ಅದು ಕೈಗೆ ಹತ್ತುತ್ತದೆ, ಓದುತ್ತೇನೆ, ಮತ್ತೆ ಅಲ್ಲೇ ಇಡುತ್ತೇನೆ. ನಿನ್ನ ಅಕ್ಷರ ಇನ್ನೂ ಕಾಲೆಳೆದುಕೊಂಡು ನಡೆದ ಹಾಗೇ ಇದೆ. ಎರಡನೆಯ ಇಯತ್ತೆಯಲ್ಲೇ ತಿದ್ದಬೇಕಿತ್ತು, ಮುದ್ದಿನಲ್ಲಿ ಬಿಟ್ಟೆ.

ನಾನು ಅರಾಮ ಇದ್ದೇನೆ. ರಿಟೈರಾಗಿ ಎರಡು ವರ್ಷವಾಯಿತು. ಸಾಲೆಯ ಗಂಟೆ ಮನೆಗೆ ಕೇಳಿಸುತ್ತದೆ, ಕೇಳಿದಾಗ ಎದ್ದು ನಿಲ್ಲುತ್ತೇನೆ, ಆಮೇಲೆ ಕೂಡುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ ಕೊಡಲು ನನಗೆ ಹೆದರಿಕೆ. ಒಮ್ಮೆ ಬಾಯಿಬಿಟ್ಟು ನಿನ್ನ ಮದುವೆ ಮುರಿದೆ. ಶ್ರೇಯಸನಿಗೆ ಕೊಣ್ಣೂರಿನ ಆರತಿ ಎಂಬ ಹುಡುಗಿ ಗೊತ್ತಾಗಿದ್ದಾಳೆ, ಜನವರಿಯಲ್ಲಿ ನಿಶ್ಚಯ ಎಂದು ಇಲ್ಲಿ ಬಸದಿಯಲ್ಲಿ ಯಾರೋ ಹೇಳಿದರು. ಅಣ್ಣನ ಮನೆಯಲ್ಲಿ ಎರಡನೆಯ ಮದುವೆಯನ್ನೂ ಮುರಿದೆ ಎನ್ನಿಸಿಕೊಳ್ಳುವ ತ್ರಾಣ ಈಗ ಇಲ್ಲ. ಅರವತ್ತಾಯಿತು.

ಅದಕ್ಕೇ ಉತ್ತರ ಬರೆಯುವುದಿಲ್ಲ. ಸಾಲಿ ಮಾಸ್ತರಿಣಿಯ ಚಟ, ಪ್ರಶ್ನೆ ಕೇಳುತ್ತೇನೆ. ನೀನು ಆ ತಂತಿಯ ಕಾಗದಗಳನ್ನೆಲ್ಲ ಓದಿದೆ ಎನ್ನುತ್ತೀಯ. ಅವುಗಳಲ್ಲಿ ಸಾವಿನ ಕಾಗದ ಎಷ್ಟಿದ್ದವು? ರೋಗ ಬಿಡು, ಬರೀ ಸಾವು. ಎಣಿಸಿ ಬರೆ.

ಕಮಲವ್ವ


ಪುಣೆ
9 ಡಿಸೆಂಬರ್ 2003

ಅತ್ತೆ,

ಒಂದೂ ಇರಲಿಲ್ಲ.

ನಿಮ್ಮ ಕಾಗದವನ್ನು ಆಫೀಸಿನಲ್ಲೇ ಒಡೆದೆ. ಓದಿ ಮುಗಿಸುವ ಮೊದಲೇ ಗೊತ್ತಾಯಿತು. ಸಾವಿನ ಗುರುತೆಂದು ಮೂಲೆ ಹರಿದ ಕಾರ್ಡು ಬಂದರೆ ಹೊಸ್ತಿಲ ಹೊರಗೇ ನಿಂತು ಓದುವುದು, ಓದಿದ ಕೂಡಲೇ ಹರಿದು ಬಚ್ಚಲೊಲೆಗೆ ಹಾಕುವುದು, ಸಾವಿನ ಸುದ್ದಿ ಮನೆಯೊಳಗೆ ಇಡಬಾರದು ಎನ್ನುವುದು. ಇದೆಲ್ಲ ನನಗೆ ಗೊತ್ತಿಲ್ಲದ್ದೇನು? ಚಿಕ್ಕವಳಿದ್ದಾಗ ನಾನೇ ಒಂದು ಕಾರ್ಡಿನ ಚೂರನ್ನು ಒಲೆಗೆ ಹಾಕಿದ್ದೇನೆ. ಆದರೂ ಅರವತ್ತು ವರ್ಷದ ಕಾಗದ ಓದಿ, ಒಂದು ಮನೆಯಲ್ಲಿ ಅಷ್ಟು ವರ್ಷ ಯಾರೂ ಸಾಯಲಿಲ್ಲವೇ ಎಂದು ಒಮ್ಮೆಯೂ ಅನ್ನಿಸಲಿಲ್ಲ. ನನಗೆ ರೋಗದ ಹೆಸರು ಬೇಕಿತ್ತು, ಅದನ್ನಷ್ಟೇ ಹುಡುಕಿದೆ. ಕಂಪ್ಯೂಟರಿಗೆ ಓದಲು ಬರುವುದಿಲ್ಲ ಎಂದು ನಿಮಗೆ ಬರೆದವಳು ನಾನೇ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಮೇಡಂ ಹೇಳಿದ್ದರು. ಎಷ್ಟೋ ಮಂದಿ ಪರೀಕ್ಷೆ ಮಾಡಿ, ಬಂದದ್ದು ಯಾರಿಗೂ ಬೇಡವಾದರೆ ಅಚ್ಚಿಗೇ ಕಳಿಸುವುದಿಲ್ಲ, ಅಚ್ಚಾಗದ್ದು ನಮ್ಮ ಕೈಗೆ ಸಿಗುವುದಿಲ್ಲ, ಆದ್ದರಿಂದ ಸಿಗಲಿಲ್ಲ ಎಂದರೆ ಇಲ್ಲ ಎಂದು ಬರೆಯಬೇಡಿ ಎಂದು. ಎರಡು ವರ್ಷದಿಂದ ಆ ಮಾತನ್ನು ಹೊಸಬರಿಗೆ ನಾನೇ ಕಲಿಸುತ್ತೇನೆ. ಮನೆಗೆ ಹೋದಾಗ ಅದನ್ನು ಪುಣೆಯಲ್ಲೇ ಬಿಟ್ಟು ಹೋಗಿದ್ದೆ.

ನಿನ್ನೆ ಶ್ರೇಯಸನಿಗೆ ಫೋನ್ ಮಾಡಿದೆ. ಡಾಕ್ಟರಿಗೆ ತೋರಿಸು ಎಂದರೆ ನಕ್ಕ. ನನ್ನ ಕಾಗದವನ್ನು ಆರತಿಯ ತಂದೆಗೂ ತೋರಿಸಿದ್ದಾನಂತೆ. ಅವರು ಬಹಳ ಸಂತೋಷಪಟ್ಟರಂತೆ. ನೀವು ಮದುವೆ ಮುರಿಯಲು ಹೆದರುತ್ತೀರಿ. ನಾನು ಅವನನ್ನು ಕೊಲ್ಲಲು ಒಂದು ಕಾಗದ ಬರೆದು ಕೊಟ್ಟಿದ್ದೇನೆ. ಅತ್ತೆ, ಹರಿದ ಕಾರ್ಡುಗಳನ್ನೆಲ್ಲ ಆ ಮನೆಯಲ್ಲಿ ಓದಿದವರು ನೀವೊಬ್ಬರೇ. ನೆನಪಿದ್ದಷ್ಟು ಬರೆಯಿರಿ.

ನಿಮ್ಮ ತ್ರಿಶಲಾ


ಮೂಡಲಗಿ
16 ಡಿಸೆಂಬರ್ 2003

ಚಿ. ತ್ರಿಶಲಾ,

ನೆನಪಿದ್ದಷ್ಟು ಎಂದೆ. ಎಲ್ಲ ನೆನಪಿದೆ, ಅದೇ ನನ್ನ ಕಷ್ಟ. ಇಟ್ಟ ಕಾಗದವನ್ನು ಮತ್ತೆ ಓದಬಹುದೆಂದು ಮರೆಯುತ್ತೇವೆ, ಹರಿದದ್ದು ಮರೆಯುವುದಿಲ್ಲ.

ಮನೆಯಲ್ಲಿ ಓದು ಬಂದವಳು ನಾನೊಬ್ಬಳೇ. ನಿನ್ನ ಅಪ್ಪ ಮೂರನೆಯ ಇಯತ್ತೆಗೆ ಸಾಲೆ ಬಿಟ್ಟು ಹೊಲಕ್ಕೆ ಹೋದ. ಹತ್ತು ವರ್ಷದವಳಿದ್ದಾಗಿನಿಂದ ಮನೆಯ ಕಾಗದಗಳನ್ನೆಲ್ಲ ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದುವುದು ನನ್ನ ಕೆಲಸ.

1955ರಲ್ಲಿ ಅಂಕಲಗಿಯಿಂದ ಕಾರ್ಡು ಬಂತು. ನಮ್ಮ ಅಪ್ಪನ ಅಣ್ಣ, ನಲವತ್ಮೂರು ವರ್ಷ. ಎದೆ ಉರಿಯುತ್ತದೆ ಎಂದು ನೀರು ಕೇಳಿದರು, ತರುವಷ್ಟರಲ್ಲಿ ಹೋದರು ಎಂದಿತ್ತು. ಓದುತ್ತಿದ್ದಂತೆ ಅವ್ವ ನನ್ನ ಕೈಯಿಂದ ಕಿತ್ತುಕೊಂಡು ನಾಲ್ಕು ಚೂರು ಮಾಡಿದಳು. ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು.

ಮೂರು ವರ್ಷಕ್ಕೆ ನಮ್ಮ ಅಪ್ಪನೇ. ಜಮೀನಿನ ಕೆಲಸಕ್ಕೆ ಹುಕ್ಕೇರಿಗೆ ಹೋಗಿದ್ದ. ಸಂಜೆ ಬಸ್ಸಿನ ಕಂಡಕ್ಟರ ಒಂದು ಚೀಟಿ ತಂದುಕೊಟ್ಟ. ಕಚೇರಿಯ ಮೆಟ್ಟಿಲ ಮೇಲೆ ದಣಿವಾಯಿತೆಂದು ಕುಳಿತವರು ಏಳಲಿಲ್ಲ, ಗಾಡಿ ತರಬೇಕು ಎಂದು ಬರೆದಿತ್ತು. ಅದನ್ನೂ ನಾನೇ ಗಟ್ಟಿಯಾಗಿ ಓದಿದೆ. ನನಗೆ ಹದಿನೈದು, ಅಪ್ಪನಿಗೆ ನಲವತ್ತೆರಡು. ಮನೆಯಲ್ಲಿ ಇಂದಿಗೂ ಜ್ವರ ಎನ್ನುತ್ತಾರೆ.

1971, ಕೊಣ್ಣೂರು. ನಮ್ಮ ದೊಡ್ಡಪ್ಪನ ಮಗ, ಮೂವತ್ತೊಂಬತ್ತು. ದವಡೆ ನೋವೆಂದು ಹಲ್ಲು ಕೀಳಿಸಿಕೊಂಡು ಬಂದಿದ್ದ. ಮರುದಿನ ಬೆಳಿಗ್ಗೆ ಇರಲಿಲ್ಲ. ನೀನು ಶ್ರೇಯಸನ ದವಡೆಯ ಬಗ್ಗೆ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೇ ನಾನು ಹದಿನೈದು ದಿನ ಪೆನ್ನು ಮುಟ್ಟಲಿಲ್ಲ.

ಆಮೇಲೆ 1992ರಲ್ಲಿ ನಮ್ಮ ತಮ್ಮ ರಾಜಪ್ಪ. ಮೂವತ್ತೆಂಟು. ಬಾವಿಯ ಹತ್ತಿರ ಎದೆ ಹಿಡಿದುಕೊಂಡು ಬಿದ್ದ. ಮೋಟಾರು ಆಗ ಬಂದ್ ಇತ್ತು, ಕರೆಂಟೇ ಇರಲಿಲ್ಲ. ಡಾಕ್ಟರು ಹೃದಯ ಎಂದರು. ಸಂಬಂಧಿಕರಿಗೆ ಕಳಿಸುವ ಹದಿನಾಲ್ಕು ಕಾರ್ಡುಗಳನ್ನು ನನ್ನ ಮುಂದೆ ಇಟ್ಟು ಅಣ್ಣ ಹೇಳಿದ: "ಶಾಕ್ ಅಂತ ಬರಿ. ಖರೆ ಬರದ್ರ ಈ ಮನಿಗೆ ಯಾರು ಹೆಣ್ಣು ಕೊಡ್ತಾರ, ನಮ್ಮ ಹೆಣ್ಣನ್ನರ ಯಾರು ತಗೋತಾರ?" ಹದಿನಾಲ್ಕಕ್ಕೂ ನನ್ನ ಅಕ್ಷರ. ಕಾರ್ಡು ಎಂದರೆ ಊರೆಲ್ಲ ಓದುವಂಥದ್ದು, ಊರೆಲ್ಲ ನಂಬಿತು. ಮೂರು ವರ್ಷ ಆ ಸುಳ್ಳು ನನ್ನ ಗಂಟಲಲ್ಲಿತ್ತು. ನಿನ್ನನ್ನು ನೋಡಲು ಬಂದ ಹೆಂಗಸು ಚಹಾ ಕುಡಿಯುತ್ತ ಸುಮ್ಮನೆ ಕೇಳಿದಳು, ಬಾಯಿಗೆ ನಿಜ ಬಂತು. ಹೊಟ್ಟೆಕಿಚ್ಚಲ್ಲ, ತ್ರಿಶಲಾ. ದಣಿದಿದ್ದೆ.

ನಿನ್ನ ಅಪ್ಪ ಅರವತ್ಮೂರು ದಾಟಿ ಗಟ್ಟಿಯಾಗಿದ್ದಾನೆ. ಅವನೊಬ್ಬ ಪಾರಾದ, ಅದನ್ನೇ ಸಾಕ್ಷಿ ಎನ್ನುತ್ತಾನೆ. ನಾನು ಹೇಳಿದರೆ ಆ ಮನೆಯಲ್ಲಿ ನಂಬುವುದಿಲ್ಲ. ನೀನು ಹೋಗಿ ಹೇಳು.

ಕಮಲವ್ವ


ಘೋಡಗೇರಿ
4 ಜನವರಿ 2004

ಅತ್ತೆ,

ರಜೆ ಹಾಕಿ ಬಂದು ನಾಲ್ಕು ದಿನವಾಯಿತು. ಸೋತಿದ್ದೇನೆ.

ನಿಮ್ಮ ಕಾಗದವನ್ನು ಅಪ್ಪನ ಮುಂದೆ ಓದಿದೆ. ಹುಕ್ಕೇರಿಯ ಚೀಟಿ ಬಂದಾಗ ಮಾತ್ರ ತಲೆ ತಗ್ಗಿಸಿದರು. ಮುಗಿದ ಮೇಲೆ ಎದ್ದು, ಕಬ್ಬು ಕಡಿಯುವವರು ಬಂದಿದ್ದಾರೆ ಎಂದು ಹೊಲಕ್ಕೆ ಹೋದರು.

ಶ್ರೇಯಸ ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು. ಎದ್ದು ಹೋಗಿ ತಂತಿಯ ತುದಿಯಿಂದ ನನ್ನದೇ ಕಾಗದ ತೆಗೆದು ತಂದ. ನಮ್ಮ ವಂಶದಲ್ಲಿ ಈ ರೋಗ ಇಲ್ಲ ಎನ್ನುವ ಸಾಲಿನ ಕೆಳಗೆ ಅವನು ಗೆರೆ ಎಳೆದಿದ್ದಾನೆ. ಓದಿ ತೋರಿಸಿ, "ಇದನ್ನ ಬರದಾಕಿ ನೀನ. ಎರಡು ತಿಂಗಳದಾಗ ನಮ್ಮ ವಂಶ ಬದಲಾತೇನು?" ಎಂದ. ತಪ್ಪು ಓದಿದೆ ಎಂದೆ. ಓದುವುದೇ ನಿನ್ನ ಕೆಲಸ ಅಲ್ಲವೇ ಎಂದ. ಕೊನೆಗೆ ಮದುವೆಯಾದ ಮೇಲೆ ಬೆಳಗಾವಿಗೆ ಹೋಗಿ ತೋರಿಸುತ್ತೇನೆ, ಈಗ ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ಸುದ್ದಿ ಕೊಣ್ಣೂರು ಮುಟ್ಟುತ್ತದೆ ಎಂದ. ನಿನ್ನೆ ಕಬ್ಬಿನ ಗಾಡಿ ಕಟ್ಟುವಾಗ ಎರಡು ಸಲ ಕೂತದ್ದನ್ನು ನೋಡಿದೆ. ನಾನು ನೋಡುತ್ತಿದ್ದೇನೆ ಎಂದು ತಿಳಿದು ಎದ್ದ.

18ಕ್ಕೆ ನಿಶ್ಚಯ. ನನಗೆ ಅಷ್ಟು ದಿನ ರಜೆ ಇಲ್ಲ, ನಾಳೆ ಹೊರಡಬೇಕು. ನೀವು ಬರಬೇಕು ಎಂದು ಹೇಗೆ ಬರೆಯಲಿ? ಏನು ಕೇಳುತ್ತಿದ್ದೇನೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ತ್ರಿಶಲಾ


ಮೂಡಲಗಿ
23 ಜನವರಿ 2004

ಚಿ. ತ್ರಿಶಲಾ,

ಆಸ್ಪತ್ರೆಯಿಂದ ಫೋನಿನಲ್ಲಿ ಎರಡು ಮಾತು ಹೇಳಿದ್ದೆ. ಬಟ್ಟೆ ಬದಲಿಸಲು ಮನೆಗೆ ಬಂದಿದ್ದೇನೆ, ನೀನು ಬೆಳಗಾವಿಗೆ ಹೊರಡುವ ಮುಂಚೆ ಇದು ಮುಟ್ಟಿದರೆ ಮುಟ್ಟಲಿ. ಉಳಿದದ್ದನ್ನು ಬರೆಯದೆ ನನಗೆ ನಿದ್ದೆ ಬರುವುದಿಲ್ಲ.

ನಿಶ್ಚಯದ ದಿನ ಬೆಳಗಿನ ಬಸ್ಸಿಗೆ ಹೋದೆ. ನಿನ್ನ ಅಪ್ಪನ ಹೊಸ್ತಿಲು ದಾಟಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತೆ. ಒಳಗಿನವರೆಲ್ಲ ಬಾಗಿಲಿಗೆ ಬಂದರು. ಆರತಿಯ ತಂದೆ ಒಳ್ಳೆಯ ಮನುಷ್ಯ, ಹಿರಿಯಳು ಹೊರಗೆ ಕೂತಳಲ್ಲ ಎಂದು ತಾವೂ ಬಂದು ಕಟ್ಟೆಯ ಮೇಲೆ ಕೂತರು. ಅವರಿಗೆ ಆ ಕಾಗದಗಳನ್ನು ಬಾಯಿಂದಲೇ ಓದಿ ಹೇಳಿದೆ, ಹಿಂದೆ ಅಂಗಳದಲ್ಲಿ ನಿಂತು ಓದುತ್ತಿದ್ದ ಹಾಗೇ. ಅಂಕಲಗಿ, ಹುಕ್ಕೇರಿ, ಕೊಣ್ಣೂರು, ರಾಜಪ್ಪ. ಆ ಕೊಣ್ಣೂರಿನವನ ಹಲ್ಲಿನ ಕಥೆ ಅವರಿಗೂ ಗೊತ್ತಿತ್ತು. ಅಣ್ಣ ನಡುವೆ ಬಂದು ತಡೆಯಬಹುದಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ, ತಡೆಯಲಿಲ್ಲ.

ಅವರು ಕೈ ಮುಗಿದು, ವಿಚಾರ ಮಾಡಿ ಹೇಳುತ್ತೇವೆ ಎಂದು ಹೊರಟರು. ವಿಚಾರ ಮಾಡಿ ಯಾರೂ ಹೇಳುವುದಿಲ್ಲ ಎಂದು ನಿನಗೂ ಗೊತ್ತು. ಆರತಿ ಗಾಡಿ ಹತ್ತುವಾಗ ಒಮ್ಮೆ ಹಿಂದೆ ತಿರುಗಿ ನೋಡಿದಳು.

ಶ್ರೇಯಸ ಮೋಟಾರ್ ಸೈಕಲ್ ತೆಗೆದು ನನಗೆ ಕೂರು ಎಂದ. ಮನೆಯಿಂದ ಬೇಗ ಕಳಿಸಬೇಕೆಂದೇ ತೆಗೆದದ್ದು. ಬಸ್ ಸ್ಟ್ಯಾಂಡಿನಲ್ಲಿ ಇಳಿಸಿದ. ನಾನು ಇಳಿದ ಮೇಲೂ ಅವನು ಹೋಗಲಿಲ್ಲ. ಹ್ಯಾಂಡಲ್ ಮೇಲೆ ತಲೆ ಇಟ್ಟಿದ್ದ. ಜನವರಿಯ ಚಳಿಯಲ್ಲಿ ಅಂಗಿ ತೊಯ್ದಿತ್ತು. ಗೋಕಾಕದ ಬಸ್ಸು ಬಂತು. "ಹತ್ತು" ಎಂದೆ. ಮೂರನೆಯ ಇಯತ್ತೆಯ ಹುಡುಗರಿಗೆ ಹೇಳುವ ದನಿಯಲ್ಲೇ ಹೇಳಿದೆ. ಅವನು ನನ್ನ ಮುಖ ನೋಡಿ, "ಅತ್ತಿ, ದವಡಿ ಭಾಳ ನೋಯಾಕತ್ತೈತಿ" ಎಂದ. ಗಾಡಿಯನ್ನು ಅಲ್ಲೇ ಬಿಟ್ಟು ಹತ್ತಿಸಿದೆ.

ಗೋಕಾಕದ ಡಾಕ್ಟರು ಎದೆಯ ಇಸಿಜಿ ಪಟ್ಟಿ ತೆಗೆದು ನೋಡಿ, ಒಂದು ತಾಸು ತಡವಾಗಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿ, ತಾವೇ ಆಂಬುಲೆನ್ಸಿಗೆ ಫೋನ್ ಮಾಡಿದರು. ಮೂರು ನಾಳ ಕಟ್ಟಿವೆ ಎಂದು ಬೆಳಗಾವಿಯ ಆಸ್ಪತ್ರೆಯಲ್ಲಿ ಹೇಳಿದರು. ನಿನ್ನ ಅಪ್ಪ ಅಲ್ಲಿದ್ದಾನೆ. ಐದು ದಿನ ಒಂದೇ ಬೆಂಚಿನ ಮೇಲೆ ಕೂತಿದ್ದೇವೆ, ನಡುವೆ ಟಿಫಿನ್ ಡಬ್ಬಿ. ಹೊತ್ತು ಮುಳುಗುವ ಮುಂಚೆ ಅವನ ಪಾಲಿನದನ್ನು ಅವನು, ನನ್ನದನ್ನು ನಾನು ಉಣ್ಣುತ್ತೇವೆ.

ಬೇಗ ಬಾ. ನಾನು ಬಹಳ ದಣಿದಿದ್ದೇನೆ.

ಕಮಲವ್ವ


ಪುಣೆ
22 ಮಾರ್ಚ್ 2004

ಅತ್ತೆ,

ನೀವು ಮೂಡಲಗಿಗೆ ಹೋದ ಮೇಲೆ ನಾನು ಇನ್ನೂ ಮೂರು ವಾರ ಘೋಡಗೇರಿಯಲ್ಲಿದ್ದೆ. ಯುಗಾದಿ ಮುಗಿಸಿ ನಿನ್ನೆ ರಾತ್ರಿಯ ಬಸ್ಸಿಗೆ ಬಂದೆ.

ಶ್ರೇಯಸ ಅಂಗಳದಲ್ಲಿ ನಡೆಯುತ್ತಾನೆ, ಇಪ್ಪತ್ತು ಸುತ್ತು. ಆಪರೇಷನ್ನಿನ ಗಾಯ ಮಾಗಿದೆ. ಭಾರ ಎತ್ತುವಂತಿಲ್ಲ ಎಂದಿದ್ದಾರೆ, ಕಬ್ಬನ್ನು ಬೇರೆಯವರು ಸಾಗಿಸುವುದನ್ನು ಕುರ್ಚಿಯಲ್ಲಿ ಕೂತು ನೋಡಿದ. ಆರತಿಗೆ ಬೇರೆ ಕಡೆ ಗೊತ್ತಾಯಿತಂತೆ. ಕೇಳಿದ ದಿನ ಊಟ ಮಾಡಲಿಲ್ಲ. ನನ್ನ ಜೊತೆ ಬೇಕಾದಷ್ಟೇ ಮಾತು, ಮಾತ್ರೆ ಕೊಡು, ನೀರು ಕೊಡು. ಬದುಕಿಸಿದ್ದಕ್ಕೆ ಅವನು ಇನ್ನೂ ನಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸದಿದ್ದರೂ ಸರಿ, ಇಪ್ಪತ್ತು ಸುತ್ತು ನಡೆಯಲಿ.

ಬರುವ ದಿನ ತಂತಿಯಲ್ಲಿದ್ದ ನನ್ನ ಕಾಗದವನ್ನು ಹರಿದುಬಿಡೋಣ ಎಂದು ಹೋದೆ. ಅಪ್ಪ ನೋಡಿದರು. "ಇರಲಿ ಬಿಡು. ಹರದು ಹರದ ಹಿಂಗಾತು" ಎಂದರು. ಅಷ್ಟೇ. ನಿಮ್ಮ ಹೆಸರು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಅವರು ಶ್ರೇಯಸನ ಹತ್ತಿರ ಪೆನ್ನು ಕೇಳಿ ಇಸಿದುಕೊಂಡದ್ದನ್ನು ಕಂಡೆ. ಯಾಕೆಂದು ತಿಳಿಯಲಿಲ್ಲ.

ಇಲ್ಲಿ ನನ್ನ ಪಾಲಿಗೆ ನಾಲ್ಕು ಸಾವಿರ ವಾಕ್ಯ ಬಾಕಿ ಇವೆ. ಮುಂಚೆ ನಿಮಿಷಕ್ಕೊಂದು ಗುರುತು ಹಾಕುತ್ತಿದ್ದೆ. ಇಂದು ಒಂದು ವಾಕ್ಯದಲ್ಲಿ 'ತಂದೆ ನಲವತ್ತೆರಡನೆಯ ವಯಸ್ಸಿನಲ್ಲಿ ಮೃತ' ಎಂದಿತ್ತು. ಬಹಳ ಹೊತ್ತು ಮುಂದೆ ಹೋಗಲಾಗಲಿಲ್ಲ. ಅದನ್ನೂ ಯಾರೋ ಒಬ್ಬರು ಗಟ್ಟಿಯಾಗಿ ಓದಿರಬೇಕು.

ನಿಮ್ಮ ತ್ರಿಶಲಾ


(ಪೋಸ್ಟ್ ಕಾರ್ಡು. ಒಂದು ಮೂಲೆ ಹರಿದಿದೆ.)

ಘೋಡಗೇರಿ
ತಾ. 9-4-2004

ಕಮಲಾಗ ಆಬಾಸಾಹೇಬನ ಆಶೀರ್ವಾದ.

ಮೂಲಿ ಹರಿದದ್ದು ನೋಡಿ ಹೆದರಬ್ಯಾಡ. ಶ್ರೇಯಸ ಅರಾಮ ಇದ್ದಾನ. ಹರಿದದ್ದು ರಾಜಪ್ಪನ ಸಲುವಾಗಿ.

ನಮ್ಮ ತಮ್ಮ ರಾಜಪ್ಪ 9-4-1992ಕ್ಕ ಬಾವಿ ಹತ್ತರ ಎದಿ ನೋವಿನಿಂದ ತೀರಿಕೊಂಡ. ಶಾಕ್ ಅಲ್ಲ. ವಯಸ್ಸು 38. ನಮ್ಮ ಅಪ್ಪಗೂ ಅದ ಆಗಿತ್ತು. ಸುದ್ದಿ ತಿಳಿಸಾಕ ಹನ್ನೆರಡು ವರ್ಷ ತಡ ಆತು. ಇಂಥಾವು ಹದಿನಾಲ್ಕು ಕಾರ್ಡು ಬರದೇನಿ, ಆವತ್ತಿನ ಮಂದಿಗೆಲ್ಲಾ. ಕೊಣ್ಣೂರಿಗೂ ಒಂದು ಹಾಕೇನಿ. ನನಗ ಬರಿಯಾಕ ಸರಿ ಬರಂಗಿಲ್ಲ, ಎಂಟು ದಿನ ಹಿಡೀತು. ನಿಂದು ಹದಿನೈದನೇದು.

ಓದಿದ ಮ್ಯಾಲ ಇದನ್ನ ಹರಿಬ್ಯಾಡ. ಬರೂ ಮುಂದ ತಗೊಂಡು ಬಾ. ಒಳಗ ತಂತಿಗೆ ಹಾಕೂದೈತಿ.

ನಿನ್ನ ಅಣ್ಣ
ಆಬಾಸಾಹೇಬ